ಬಂಟ್ವಾಳವನ್ನು ಬಚ್ಚಿಡುವುದು ಹೇಗೆ?

ಕನ್ನಡ ವರ್ಣಮಾಲೆಗೇ ಒಗ್ಗುವ ಗುಟ್ಟು ಲಿಪಿ: ಮಕ್ಕಳಿಗೆ, ಟೀಚರುಗಳಿಗೆ, ಶಿಬಿರ ನಡೆಸುವವರಿಗೆ

ರಜೆಯಲ್ಲಿ ಮಕ್ಕಳ ಕೈಗೆ ಬರುವ ಚಟುವಟಿಕೆ ಪುಸ್ತಕಗಳಲ್ಲಿ ಒಂದು ಪುಟವಾದರೂ ‘ಸೀಕ್ರೆಟ್ ಕೋಡ್’ಗೆ ಮೀಸಲಿರುತ್ತದೆ. ‘ಎ’ ಬರೆಯುವಲ್ಲಿ ‘ಡಿ’ ಬರೆ, ‘ಬಿ’ ಬರೆಯುವಲ್ಲಿ ‘ಇ’ ಬರೆ, ಅಷ್ಟೇ. ಇಂಗ್ಲಿಷಿನಲ್ಲಿ ಐದು ನಿಮಿಷದ ಆಟ. ಅದೇ ಆಟವನ್ನು ನಿಮ್ಮ ಮಗಳು ಕನ್ನಡದಲ್ಲಿ ಆಡಲು ಹೊರಟು ಮೊದಲು ತನ್ನ ಊರಿನ ಹೆಸರನ್ನೇ ಹಿಡಿದಳೆನ್ನಿ: ಬಂಟ್ವಾಳ. ‘ಬ’ ಏನೋ ಮುಂದೆ ಸರಿಯಿತು. ಅದರ ಪಕ್ಕದ ಸೊನ್ನೆ ಎಲ್ಲಿಗೆ ಸರಿಯಬೇಕು? ‘ಟ’ಕ್ಕೆ ‘ವ’ ಒತ್ತು ಇದೆ, ಎರಡರಲ್ಲಿ ಯಾವುದು ಸರಿಯಬೇಕು? ಮೇಲಿರುವ ದೀರ್ಘ ಯಾರ ಪಾಲು? ಇಷ್ಟಾಗುವಾಗ ಪೆನ್ಸಿಲು ಕೆಳಗಿಟ್ಟು ಅವಳು ಮತ್ತೆ ಎಬಿಸಿಡಿಗೆ ಮರಳುತ್ತಾಳೆ.

ತೊಡಕು ಕನ್ನಡದ್ದಲ್ಲ. ಬೇರೆ ಅಳತೆಗೆ ಹೊಲಿದ ಅಂಗಿಯನ್ನು ತೊಡಿಸಲು ಹೋದದ್ದೇ ತಪ್ಪು. ಕನ್ನಡ ಅಕ್ಷರಮಾಲೆಗೆ ಅದರದ್ದೇ ಕಟ್ಟುನಿಟ್ಟಾದ ವ್ಯವಸ್ಥೆ ಇದೆ. ಆ ವ್ಯವಸ್ಥೆಯನ್ನೇ ಹಿಡಿದು ಹೊರಟರೆ ಇಂಗ್ಲಿಷಿನದ್ದಕ್ಕಿಂತ ಚಂದದ, ಬಾಯಲ್ಲಿ ಹೇಳಲೂ ಬರುವ ಗುಟ್ಟು ಲಿಪಿ ಸಿಗುತ್ತದೆ.

ಹಳೆಯ ಆಟವೇ

ವಾತ್ಸ್ಯಾಯನನ ಕಾಮಸೂತ್ರ ಅರವತ್ನಾಲ್ಕು ಕಲೆಗಳನ್ನು ಪಟ್ಟಿ ಮಾಡುವಾಗ ‘ಮ್ಲೇಚ್ಛಿತ ವಿಕಲ್ಪ’ ಎಂಬುದನ್ನೂ ಸೇರಿಸುತ್ತದೆ. ಅದೆಂದರೆ ಬೇರೆಯವರಿಗೆ ತಿಳಿಯದಂತೆ ಮಾತನ್ನು ತಿರುಚುವ ಕಲೆ. ಅದಕ್ಕೆ ‘ಜಯಮಂಗಲಾ’ ಎಂಬ ವ್ಯಾಖ್ಯಾನ ಬರೆದ ಯಶೋಧರ ಕೌಟಿಲೀಯ, ಮೂಲದೇವೀಯ ಎಂಬ ಎರಡು ಬಗೆಗಳನ್ನು ವಿವರಿಸುತ್ತಾನೆ. ಅಕ್ಷರಗಳನ್ನು ಜೋಡಿ ಮಾಡಿ ಅದಲುಬದಲು ಮಾಡುವುದೇ ಅವುಗಳ ಮೂಲ ಉಪಾಯ.

ಕನ್ನಡದಲ್ಲಿ ಈ ದಾರಿಯ ದೊಡ್ಡ ಹೆಸರು ‘ಸಿರಿಭೂವಲಯ’. ಜೈನ ಮುನಿ ಕುಮುದೇಂದುವಿನ ಹೆಸರಿನಲ್ಲಿರುವ ಈ ಗ್ರಂಥದಲ್ಲಿ ಅಕ್ಷರಗಳೇ ಇಲ್ಲ. 1ರಿಂದ 64ರವರೆಗಿನ ಅಂಕಿಗಳನ್ನು ಉದ್ದಕ್ಕೆ 27, ಅಗಲಕ್ಕೆ 27 ಮನೆಗಳಿರುವ ಚಕ್ರಗಳಲ್ಲಿ ತುಂಬಲಾಗಿದೆ. ಒಂದೊಂದು ಅಂಕಿಗೆ ಒಂದೊಂದು ಅಕ್ಷರ. ಸಾಲು ಹಿಡಿದು ಓದಿದರೆ ಏನೂ ಸಿಗುವುದಿಲ್ಲ. ಯಾವ ಮನೆಯಿಂದ ಯಾವ ಮನೆಗೆ ಹಾರಬೇಕೆಂಬ ‘ಬಂಧ’ ಗೊತ್ತಿದ್ದರೆ ಮಾತ್ರ ಪದ್ಯ ಹೊರಬರುತ್ತದೆ. 1953ರಲ್ಲಿ ಕರ್ಲಮಂಗಲಂ ಶ್ರೀಕಂಠಯ್ಯನವರು ಇದನ್ನು ಅಚ್ಚಿಗೆ ತಂದರು. ಗ್ರಂಥದ ಕಾಲದ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ನಮ್ಮ ಇವತ್ತಿನ ಕೆಲಸಕ್ಕೆ ಆ ಜಗಳ ಬೇಡ, ಅಂಕಿ ಮತ್ತು ಅಕ್ಷರದ ಜೋಡಿ ಸಾಕು.

ಮೂರು ಮನೆ ಸರಿಸಿದರೆ ಏನಾಗುತ್ತದೆ?

ಅಕ್ಷರಗಳನ್ನು ಮೂರು ಮನೆ ಮುಂದೆ ಸರಿಸುವ ಪದ್ಧತಿ ರೋಮಿನ ಜೂಲಿಯಸ್ ಸೀಸರನ ಹೆಸರಿನಲ್ಲಿದೆ. ಕನ್ನಡದಲ್ಲಿ ಹಾಗೇ ಮಾಡಿ ನೋಡಿ. ಕ, ಖ, ಗ ದಾಟಿ ‘ಕ’ ಹೋಗಿ ‘ಘ’ ಆಗುತ್ತದೆ. ‘ಚ’ ಝ ಆಗುತ್ತದೆ, ‘ಟ’ ಢ, ‘ತ’ ಧ, ‘ಪ’ ಭ. ‘ಕಪಾಟು’ ಬರೆದರೆ ‘ಘಭಾಢು’. ‘ಚಾವಡಿ’ ಬರೆದರೆ ‘ಝಾಸತಿ’.

ನಮ್ಮ ವರ್ಗೀಯ ವ್ಯಂಜನಗಳು ಐದೈದರ ಐದು ಸಾಲಿನಲ್ಲಿ ಕೂತಿರುವುದರಿಂದ ಪ್ರತಿ ಸಾಲಿನ ಮೊದಲನೆಯದು ನಾಲ್ಕನೆಯದಾಗಿ ಬದಲಾಗುತ್ತದೆ. ಮಾತಿನಲ್ಲಿ ಅಪರೂಪಕ್ಕೆ ಬರುವ ಘ, ಝ, ಢಗಳು ಚೀಟಿಯ ತುಂಬ ಇದ್ದರೆ ಎಷ್ಟು ಮನೆ ಸರಿಸಿದ್ದಾರೆಂದು ಐದನೆಯ ತರಗತಿಯ ಹುಡುಗನಿಗೂ ಗೊತ್ತಾಗುತ್ತದೆ. ಮೇಲಾಗಿ ‘ಖ’ ಹೋಗಿ ‘ಙ’ ಆಗುತ್ತದೆ. ಅದಕ್ಕೆ ಕೊಂಬು, ದೀರ್ಘ ಕೊಟ್ಟು ಬರೆಯಲು ದೊಡ್ಡವರೇ ತಡವರಿಸುತ್ತಾರೆ.

ಹಾಗಾಗಿ ಎರಡು ತೀರ್ಮಾನ. ಒಂದು, 34 ವ್ಯಂಜನಗಳನ್ನೂ ಆಟಕ್ಕೆ ಇಳಿಸುವುದು ಬೇಡ, ದಿನಬಳಕೆಯ 20 ಸಾಕು. ಎರಡು, ಸರಿಸುವುದು ಬೇಡ, ಜೋಡಿ ಕಟ್ಟೋಣ.

ಮೊದಲ ಪಾಠ: ಮೇಲೆ ಹತ್ತು, ಕೆಳಗೆ ಹತ್ತು

ಒಂದು ಕಾಗದದಲ್ಲಿ ಹೀಗೆ ಎರಡು ಸಾಲು ಬರೆದುಕೊಳ್ಳಿ. ಅಕ್ಷರದ ಕೆಳಗೆ ಅಕ್ಷರ ಸರಿಯಾಗಿ ಬರಲಿ, ಗಣಿತದ ಚೌಕುಳಿ ಪುಸ್ತಕವಾದರೆ ಇನ್ನೂ ಒಳ್ಳೆಯದು.

ಕ ಗ ಚ ಜ ಟ ಡ ಣ ತ ದ ನ
ಪ ಬ ಮ ಯ ರ ಲ ವ ಸ ಹ ಳ

ಮೇಲಿನ ಅಕ್ಷರ ಬರುವಲ್ಲಿ ಅದರ ಕೆಳಗಿನದನ್ನು ಬರೆಯಿರಿ, ಕೆಳಗಿನದು ಬರುವಲ್ಲಿ ಮೇಲಿನದನ್ನು. ‘ಕ’ ಇದ್ದಲ್ಲಿ ಪ, ‘ಪ’ ಇದ್ದಲ್ಲಿ ಕ. ಬರೆಯಲು ಒಂದು ನಿಯಮ, ಓದಲು ಇನ್ನೊಂದು ಎಂಬ ತಾಪತ್ರಯ ಇಲ್ಲ. ಗುಟ್ಟಿನ ಮಾತಿಗೆ ಇದೇ ಪಟ್ಟಿಯನ್ನು ಮತ್ತೊಮ್ಮೆ ಹಾಕಿದರೆ ಮೂಲ ಮಾತು ವಾಪಸು ಬರುತ್ತದೆ.

ಇನ್ನು ನಿಯಮಗಳು:

1. ಬದಲಾಗುವುದು ವ್ಯಂಜನ ಮಾತ್ರ. ಕಾಗುಣಿತದ ಚಿಹ್ನೆ ಇದ್ದಲ್ಲೇ ಇರಲಿ. ‘ನಾ’ ಹೋಗಿ ‘ಳಾ’ ಆಗುತ್ತದೆ, ‘ಳೆ’ ಹೋಗಿ ‘ನೆ’. ಎಂದರೆ ‘ನಾಳೆ’ ಎಂಬುದು ‘ಳಾನೆ’.

2. ಒತ್ತಕ್ಷರವಿದ್ದರೆ ಬಾಯಲ್ಲಿ ಹೇಳುವ ಕ್ರಮದಲ್ಲಿ ಎರಡನ್ನೂ ಬದಲಿಸಿ. ‘ಳ್ತ’ ಇದ್ದರೆ ಮೊದಲು ಳ, ಆಮೇಲೆ ತ. ಅದು ‘ನ್ಸ’ ಆಗುತ್ತದೆ.

3. ಸೊನ್ನೆಯನ್ನು ಮುಟ್ಟಬೇಡಿ. ಪದದ ಆರಂಭದ ಅ, ಆ, ಇ, ಈ ಮುಂತಾದ ಸ್ವರಗಳನ್ನೂ ಹಾಗೇ ಬಿಡಿ.

4. ಮಹಾಪ್ರಾಣ ಬಂದರೆ ಅಲ್ಪಪ್ರಾಣ ಮಾಡಿಕೊಳ್ಳಿ, ಶ ಮತ್ತು ಷ ಬಂದರೆ ಸ ಮಾಡಿಕೊಳ್ಳಿ. ‘ಧರ್ಮಸ್ಥಳ’ವನ್ನು ಮೊದಲು ‘ದರ್ಮಸ್ತಳ’ ಎಂದು ಬರೆದುಕೊಂಡು ಆಮೇಲೆ ಬದಲಿಸಿ. ಕನ್ನಡ ಟೀಚರ್ ಕೆಂಪು ಶಾಯಿ ಹಿಡಿದಾರು, ಆದರೆ ಓದುವವನಿಗೆ ಅರ್ಥವಾಗದೆ ಹೋಗುವುದಿಲ್ಲ. ಹೀಗೆ ಖಾಲಿ ಉಳಿದ ಮಹಾಪ್ರಾಣಗಳಿಗೆ ಮುಂದೆ ಒಂದು ಕೆಲಸ ಇದೆ.

ಈಗ ನಮ್ಮ ಕಡೆಯ ಮೂರು ಊರುಗಳ ಹೆಸರನ್ನು ಬಚ್ಚಿಡೋಣ. ಬೆಳ್ತಂಗಡಿ ‘ಗೆನ್ಸಂಬಲಿ’ ಆಗುತ್ತದೆ. ಮೂಡುಬಿದಿರೆ ‘ಚೂಲುಗಿಹಿಟೆ’. ಬಂಟ್ವಾಳ? ಬ ಹೋಗಿ ಗ, ಸೊನ್ನೆ ಹಾಗೇ, ಟ ಹೋಗಿ ರ, ವ ಹೋಗಿ ಣ, ಳ ಹೋಗಿ ನ: ‘ಗಂರ್ಣಾನ’. ಹೇಳುವಾಗ ನಾಲಗೆ ಸ್ವಲ್ಪ ತಿರುಚಿಕೊಳ್ಳುತ್ತದೆ, ಆದರೂ ಹೇಳಬಹುದು. ಇಂಗ್ಲಿಷ್ ಪದಕ್ಕೆ ಇದೇ ಗತಿ ಬಂದರೆ ಸ್ವರವೇ ಇಲ್ಲದ ಅಕ್ಷರಗಳ ರಾಶಿಯಾಗಿ ಬಾಯಿ ತೆರೆಯಲೂ ಆಗುವುದಿಲ್ಲ. ಶಾಲೆಯಲ್ಲಿ ಪ್ರತಿ ಅಕ್ಷರಕ್ಕೂ ‘ಕ’ ಸೇರಿಸಿ ಮಾತಾಡುವ ‘ಕ ಭಾಷೆ’ ನಿಮಗೆ ಗೊತ್ತಿರಬಹುದು. ಅದರಲ್ಲಿ ಮೂಲ ಅಕ್ಷರಗಳೆಲ್ಲ ಹಾಗೇ ಉಳಿಯುತ್ತವೆ, ಎರಡು ದಿನ ಕೇಳಿದವರಿಗೆ ತಿಳಿದುಬಿಡುತ್ತದೆ. ಇದು ಅಷ್ಟು ಸುಲಭದ್ದಲ್ಲ.

ಎರಡನೆಯ ಪಾಠ: ಕೀಲಿಪದ

ಮೇಲಿನ ಪಟ್ಟಿ ಈಗ ನಿಮಗೂ ಗೊತ್ತು, ಈ ಲೇಖನ ಓದಿದ ಎಲ್ಲರಿಗೂ ಗೊತ್ತು. ಪಟ್ಟಿ ನಿಮ್ಮದೇ ಆಗಬೇಕಾದರೆ ಕೀಲಿಪದ ಬೇಕು. ಪಟ್ಟಿಯನ್ನು ಕಾಗದದಲ್ಲಿ ಇಟ್ಟುಕೊಂಡರೆ ಕಾಗದ ಸಿಕ್ಕಿಬೀಳುತ್ತದೆ. ಕೀಲಿಪದವಾದರೆ ತಲೆಯಲ್ಲೇ ಇರುತ್ತದೆ, ಬೇಕೆಂದಾಗ ಪಟ್ಟಿ ಕಟ್ಟಿ, ಕೆಲಸ ಮುಗಿದ ಮೇಲೆ ಹರಿದುಹಾಕಬಹುದು.

ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಬಸದಿಯ ಹೆಸರು ತ್ರಿಭುವನ ತಿಲಕ ಚೂಡಾಮಣಿ. ಅಷ್ಟುದ್ದ ಯಾರೂ ಹೇಳುವುದಿಲ್ಲ, ಎಲ್ಲರ ಬಾಯಲ್ಲೂ ಅದು ಸಾವಿರ ಕಂಬದ ಬಸದಿ. ‘ಸಾವಿರ ಕಂಬ’ ಎಂಬುದನ್ನೇ ಕೀಲಿಪದ ಮಾಡಿಕೊಳ್ಳೋಣ.

1. ಕೀಲಿಪದದ ವ್ಯಂಜನಗಳನ್ನು ಮಾತ್ರ ಬರೆಯಿರಿ: ಸ ವ ರ ಕ ಬ. ಒಂದೇ ಅಕ್ಷರ ಎರಡು ಸಲ ಬಂದಿದ್ದರೆ ಎರಡನೆಯದನ್ನು ಬಿಡಿ.

2. ಇಪ್ಪತ್ತರಲ್ಲಿ ಉಳಿದವನ್ನು ವರ್ಣಮಾಲೆಯ ಕ್ರಮದಲ್ಲೇ ಮುಂದುವರಿಸಿ. ಹತ್ತು ತುಂಬಿದಾಗ ಮೇಲಿನ ಸಾಲು ಮುಗಿಯಿತು: ಸ ವ ರ ಕ ಬ ಗ ಚ ಜ ಟ ಡ.

3. ಉಳಿದ ಹತ್ತನ್ನು ಕೆಳಗಿನ ಸಾಲಿನಲ್ಲಿ ಬಲದಿಂದ ಎಡಕ್ಕೆ, ಉಲ್ಟಾ ಬರೆಯಿರಿ. ಪಟ್ಟಿ ಹೀಗಾಗುತ್ತದೆ:

ಸ ವ ರ ಕ ಬ ಗ ಚ ಜ ಟ ಡ
ಳ ಹ ಲ ಯ ಮ ಪ ನ ದ ತ ಣ

ಉಲ್ಟಾ ಯಾಕೆ? ನೇರವಾಗಿ ಬರೆದಿದ್ದರೆ ‘ಬ’ದ ಕೆಳಗೆ ‘ಪ’ ಬರುತ್ತಿತ್ತು, ‘ಡ’ದ ಕೆಳಗೆ ‘ಳ’. ‘ಬಾ’ ಎನ್ನುವಲ್ಲಿ ‘ಪಾ’ ಎಂದು ಬರೆದರೆ ಅದನ್ನು ಗುಟ್ಟು ಎನ್ನುವವರು ಯಾರು? ಉಲ್ಟಾ ಬರೆದರೂ ನಿಮ್ಮ ಪಟ್ಟಿಯಲ್ಲಿ ಇಂಥ ಅಣ್ಣತಮ್ಮಂದಿರು ಜೋಡಿಯಾದರೆ ಕೀಲಿಪದ ಬದಲಿಸಿ.

ಒಂದು ವಾಕ್ಯ ಬರೆದು ನೋಡೋಣ.

ಮೂಲ: ನಾಳೆ ಸಂಜೆ ಬಸದಿ ಬಳಿ ಬಾ
ಗುಟ್ಟು: ಚಾಸೆ ಳಂದೆ ಮಳಜಿ ಮಸಿ ಮಾ

‘ಮಸಿ’ ಎಂಬ ನಿಜವಾದ ಪದವೊಂದು ತಾನಾಗಿಯೇ ನುಸುಳಿದ್ದನ್ನು ಗಮನಿಸಿ. ಕನ್ನಡದಲ್ಲಿ ಇಂಥ ಮೋಜು ಆಗಾಗ ಸಿಗುತ್ತದೆ. ಕದ್ದು ಓದುವವನು ಅದನ್ನೇ ಹಿಡಿದುಕೊಂಡು ಮಸಿಯ ಬಗ್ಗೆ ತಲೆ ಕೆಡಿಸಿಕೊಳ್ಳಲಿ.

ಸ್ವರಕ್ಕೂ ಒಂದು ಸುತ್ತು

ಇಷ್ಟರಲ್ಲೇ ನಿಲ್ಲಿಸಿದರೂ ಆಟಕ್ಕೆ ಸಾಕು. ಆದರೆ ಕಾಗುಣಿತ ಹಾಗೇ ಉಳಿದಿರುವುದರಿಂದ ಪದದ ಬಾಲ ಕಾಣುತ್ತಿರುತ್ತದೆ. ಯಶೋಧರ ಹೇಳಿದ ಒಂದು ಉಪಾಯ ಹ್ರಸ್ವದ ಜಾಗಕ್ಕೆ ದೀರ್ಘ, ದೀರ್ಘದ ಜಾಗಕ್ಕೆ ಹ್ರಸ್ವ. ಕನ್ನಡಕ್ಕೆ ಅದು ಅಷ್ಟು ಹೊಂದುವುದಿಲ್ಲ ಎಂಬುದು ನನ್ನ ಅನಿಸಿಕೆ. ನಮ್ಮ ಮಾತಿನಲ್ಲಿ ಹ್ರಸ್ವವೇ ಹೆಚ್ಚು. ಅದಲುಬದಲು ಮಾಡಿದರೆ ಚೀಟಿ ಪೂರ್ತಿ ‘ಳಾಂದೇ ಮಾಳಾಜೀ ಮಾಸೀ’ ಎಂದು ಎಳೆದೆಳೆದು ಹಾಡಿದ ಹಾಗೆ ಕಾಣುತ್ತದೆ, ಗುಟ್ಟು ಅಲ್ಲೇ ಬಯಲು.

ಬದಲಿಗೆ ಮೂರೇ ಸ್ವರಗಳನ್ನು ಸುತ್ತಿಸಿ: ಇ ಇದ್ದಲ್ಲಿ ಉ, ಉ ಇದ್ದಲ್ಲಿ ಎ, ಎ ಇದ್ದಲ್ಲಿ ಇ. ದೀರ್ಘಗಳಿಗೂ ಇದೇ ಕ್ರಮ. ಅ, ಆ, ಒ, ಓ ಮುಂತಾದವು ಹಾಗೇ ಇರಲಿ. ಕನ್ನಡ ಪದಗಳು ಹೆಚ್ಚಾಗಿ ಅ, ಇ, ಉ, ಎಗಳಲ್ಲೇ ಮುಗಿಯುವುದರಿಂದ ಹೀಗೆ ಸುತ್ತಿಸಿದ ಮೇಲೂ ವಾಕ್ಯ ಕನ್ನಡದಂತೆಯೇ ಕಾಣುತ್ತದೆ:

ಚಾಸಿ ಳಂದಿ ಮಳಜು ಮಸು ಮಾ

ಒಂದು ಎಚ್ಚರ. ವ್ಯಂಜನದ ಜೋಡಿಗೆ ಮುಂದು ಹಿಂದು ಇಲ್ಲ, ಆದರೆ ಸ್ವರದ ಸುತ್ತಿಗೆ ಇದೆ. ಓದುವವರು ಹಿಂದಕ್ಕೆ ಸುತ್ತಬೇಕು: ಉ ಕಂಡಲ್ಲಿ ಇ, ಎ ಕಂಡಲ್ಲಿ ಉ, ಇ ಕಂಡಲ್ಲಿ ಎ. ಮರೆತು ಮತ್ತೆ ಮುಂದಕ್ಕೇ ಸುತ್ತಿದರೆ ಸಿಗುವ ವಾಕ್ಯ ‘ನಾಳು ಸಂಜು ಬಸದೆ ಬಳೆ ಬಾ’. ಸಂಜು ಯಾರೆಂದು ಹುಡುಕುತ್ತ, ಬಳೆ ಹಿಡಿದುಕೊಂಡು ಬಂದರೆ ತಪ್ಪು ನಿಮ್ಮದಲ್ಲ.

ನಿಮ್ಮ ಗುಟ್ಟನ್ನು ನೀವೇ ಒಡೆದು ನೋಡಿ

ಇಪ್ಪತ್ತು ಅಕ್ಷರಗಳನ್ನು ಹತ್ತು ಜೋಡಿ ಮಾಡಲು ಎಷ್ಟು ದಾರಿ ಇದೆ ಗೊತ್ತೇ? 65,47,29,075. ಅರವತ್ತೈದು ಕೋಟಿಗೂ ಮಿಕ್ಕಿ. ಒಂದೊಂದಾಗಿ ಹಾಕಿ ನೋಡುತ್ತ ಕೂತರೆ ಜನ್ಮ ಸಾಲದು. ಆದರೂ ಚುರುಕಾದ ಹುಡುಗಿಯೊಬ್ಬಳು ಒಂದು ಮಧ್ಯಾಹ್ನದಲ್ಲಿ ಇದನ್ನು ಒಡೆಯಬಲ್ಲಳು, ಏಕೆಂದರೆ ಅವಳು ಜೋಡಿಗಳನ್ನು ಎಣಿಸುವುದಿಲ್ಲ, ಭಾಷೆಯ ಅಭ್ಯಾಸಗಳನ್ನು ಎಣಿಸುತ್ತಾಳೆ. ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಲೆಕ್ಕ ಹಾಕಿ ಗುಟ್ಟು ಒಡೆಯುವ ಈ ವಿಧಾನವನ್ನು ಮೊದಲು ಬರೆದಿಟ್ಟವನು ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್‌ ಕಿಂದಿ. ಕನ್ನಡದಲ್ಲಿ ಒಡೆಯಲು ಹೊರಟವರು ಹುಡುಕುವುದು ಇವನ್ನು:

1. ಬಾಲಗಳು. ‘ಅಲ್ಲಿ’, ‘ಅನ್ನು’, ‘ಗಳು’, ‘ತ್ತದೆ’ ಇಲ್ಲದೆ ಕನ್ನಡ ಸಾಗುವುದಿಲ್ಲ. ಸ್ವರ ಸುತ್ತಿಸದ ನಮ್ಮ ಪಟ್ಟಿಯಲ್ಲಿ ‘ಪುಸ್ತಕದಲ್ಲಿ’ ಎಂಬುದು ‘ಗುಳ್ಟಯಜರ್ರಿ’ ಆಗುತ್ತದೆ. ‘ಮನೆಯಲ್ಲಿ’, ‘ಊರಿನಲ್ಲಿ’, ‘ಶಾಲೆಯಲ್ಲಿ’ ಎಲ್ಲವೂ ‘ರ್ರಿ’ಯಲ್ಲೇ ಮುಗಿಯುತ್ತವೆ. ನಾಲ್ಕು ಪದ ‘ರ್ರಿ’ಯಲ್ಲಿ ಮುಗಿದರೆ ಅದು ‘ಲ್ಲಿ’ ಎಂದು ಯಾರಾದರೂ ಹೇಳಿಯಾರು. ಹಾಗೆ ರ ಮತ್ತು ಲ ಜೋಡಿ ಬಯಲಾಯಿತು.

2. ದ್ವಿತ್ವಗಳು. ಲ್ಲ, ತ್ತ, ದ್ದ, ನ್ನ, ಕ್ಕ, ಟ್ಟ ಕನ್ನಡದಲ್ಲಿ ಧಾರಾಳ. ‘ರ್ರ’, ‘ಹ್ಹ’ ಇಲ್ಲವೆಂದೇ ಹೇಳಬಹುದು. ಚೀಟಿಯಲ್ಲಿ ಹೆಜ್ಜೆಗೊಮ್ಮೆ ಬರುವ, ಆದರೆ ಒಮ್ಮೆಯೂ ತನಗೆ ತಾನೇ ಒತ್ತಾಗದ ಅಕ್ಷರ ಕಂಡರೆ ಅದು ಮೂಲದಲ್ಲಿ ‘ರ’ ಇರಬಹುದೆಂದು ಊಹೆ ಹಾಕುತ್ತಾರೆ.

3. ಪದದ ತಲೆ. ಕನ್ನಡ ಪದ ‘ಣ’ ಅಥವಾ ‘ಳ’ದಿಂದ ಶುರುವಾಗುವುದಿಲ್ಲ. ಚೀಟಿಯಲ್ಲಿ ‘ಳಂದೆ’ ಎಂದು ಕಂಡ ಕೂಡಲೇ ಇದು ಗುಟ್ಟಿನ ಬರಹ ಎಂದು ಗೊತ್ತಾಗುತ್ತದೆ. ಅದೇ ರೀತಿ, ಚೀಟಿಯಲ್ಲಿ ಎಲ್ಲೆಲ್ಲೋ ಇದ್ದೂ ಪದದ ಮೊದಲಿಗೆ ಮಾತ್ರ ಬಾರದ ಅಕ್ಷರ ಯಾವುದೋ ಅದು ಣ ಅಥವಾ ಳ.

4. ಒಂದೇ ಅಕ್ಷರದ ಪದ. ‘ಈ’, ‘ಆ’, ‘ಬಾ’, ‘ಹೋ’, ‘ಓ’. ಇವು ಬೆರಳೆಣಿಕೆಯವು, ಊಹೆ ಸುಲಭ.

ಇಷ್ಟು ತಿಳಿದ ಮೇಲೆ ತಡೆಯುವುದೂ ಕಷ್ಟವಲ್ಲ. ಬರೆಯುವ ಮೊದಲು ದ್ವಿತ್ವವನ್ನು ಒಂಟಿ ಮಾಡಿ: ‘ಮನೆಯಲ್ಲಿ’ ಬದಲು ‘ಮನೆಯಲಿ’. ಕವಿಗಳು ಹಾಗೆ ಬರೆಯುತ್ತಾರೆ, ನಮಗೂ ಸಲ್ಲುತ್ತದೆ. ಪದಗಳ ನಡುವಿನ ಜಾಗ ತೆಗೆದು ನಾಲ್ಕು ನಾಲ್ಕು ಅಕ್ಷರದ ಕಟ್ಟು ಮಾಡಿ. ಆಗ ಪದದ ತಲೆಯೂ ಇಲ್ಲ, ಬಾಲವೂ ಇಲ್ಲ. ಕೊನೆಯ ಕಟ್ಟಿನಲ್ಲಿ ಅಕ್ಷರ ಕಡಿಮೆ ಬಿದ್ದರೆ, ಮೊದಲೇ ಖಾಲಿ ಬಿಟ್ಟಿದ್ದ ಮಹಾಪ್ರಾಣಗಳು ಈಗ ಕೆಲಸಕ್ಕೆ ಬರುತ್ತವೆ. ಘ, ಝ, ಠ, ಛ, ಭ ಯಾವುದನ್ನು ಬೇಕಾದರೂ ತುಂಬಿಸಿ. ಇವಕ್ಕೆ ಅರ್ಥವಿಲ್ಲ, ಓದುವವರು ಕಂಡಲ್ಲಿ ಹೊಡೆದುಹಾಕಬೇಕು. ನಡುನಡುವೆಯೂ ಒಂದೆರಡು ತುರುಕಬಹುದು. ನಮ್ಮ ವಾಕ್ಯದ ಕೊನೆಯ ರೂಪ:

ಚಾಸಿಳಂದಿ ಮಳಜುಮ ಸುಮಾಝಘ

ಇದನ್ನು ನೋಡಿ ‘ನಾಳೆ ಸಂಜೆ ಬಸದಿ ಬಳಿ ಬಾ’ ಎಂದು ಹೇಳುವವರಿದ್ದರೆ ಅವರನ್ನು ನಿಮ್ಮ ತಂಡಕ್ಕೆ ಸೇರಿಸಿಕೊಳ್ಳಿ. ಚೀಟಿ ಚಿಕ್ಕದಿದ್ದಷ್ಟೂ ಒಡೆಯುವುದು ಕಷ್ಟ. ಎರಡು ಪುಟದ ಕಾಗದ ಬರೆದರೆ ಯಾವ ಉಪಾಯವೂ ಉಳಿಸದು.

ತುಳುವಿನ ಬಲ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯವರಿಗೆ ಇನ್ನೊಂದು ಅನುಕೂಲ ಇದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ. ಲಿಪಿ ಒಂದು, ಭಾಷೆ ಇನ್ನೊಂದು ಆಗಿರುವುದು ಈ ಸೀಮೆಗೆ ಹೊಸತಲ್ಲ. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲಾ ಎಂಬ ಜೈನ ಗ್ರಂಥಗಳ ತಾಳೆಗರಿಗಳಲ್ಲಿ ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ.

ಮೂಲ ವಾಕ್ಯವನ್ನೇ ತುಳುವಿನಲ್ಲಿ ಬರೆಯಿರಿ: ‘ಎಲ್ಲೆ ಬಯ್ಯಗ್ ಬಸದಿದ ಕೈತಲ್ ಬಲ’. ಆಮೇಲೆ ಪಟ್ಟಿ ಹಾಕಿ. ‘ಲ್ಲಿ’, ‘ನ್ನು’, ‘ಗಳು’ ಹುಡುಕುವವನಿಗೆ ಅವು ಸಿಗುವುದೇ ಇಲ್ಲ, ತುಳುವಿನ ಬಾಲಗಳೇ ಬೇರೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ನವಾಹೊ ಬುಡಕಟ್ಟಿನ ಭಾಷೆಯನ್ನು ಸಂಕೇತಕ್ಕೆ ಬಳಸಿಕೊಂಡದ್ದು ಇದೇ ಧೈರ್ಯದಲ್ಲಿ. ಒಂದೇ ಕೊರತೆ ಎಂದರೆ ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಗ್, ಲ್, ಡ್ ಎಂಬ ಅರ್ಧಾಕ್ಷರಗಳು ಸಾಲುಗಟ್ಟುತ್ತವೆ. ಅವುಗಳ ಜಾಗದಲ್ಲಿ ‘ಉ’ಕಾರ ಹಾಕಿ ಬರೆದರೆ, ಬಯ್ಯಗು, ಕೈತಲು ಎಂದು, ಆ ಸುಳಿವೂ ಇಲ್ಲ. ಅಂದಹಾಗೆ, ಮಂಗಳೂರಿನಿಂದ ಉಡುಪಿಯವರೆಗೆ ಈ ಉಪಾಯ ನಡೆಯುವುದಿಲ್ಲ, ತುಳು ಬಲ್ಲವರು ದಾರಿಯುದ್ದಕ್ಕೂ ಇದ್ದಾರೆ. ಬೆಂಗಳೂರಿನ ಹಾಸ್ಟೆಲಿನಲ್ಲಿ ಚೆನ್ನಾಗಿ ನಡೆಯುತ್ತದೆ.

ಅಂಕಿ ಬಚ್ಚಿಡಲು

ನಿಧಿ ಹುಡುಕುವ ಆಟದಲ್ಲಿ ‘ಹದಿನ್ನಾಲ್ಕನೆಯ ತೆಂಗಿನಮರ’ ಎಂದು ಹೇಳಬೇಕಾಗುತ್ತದೆ. ಅಂಕಿಗೆ ಕಟಪಯಾದಿ ಎಂಬ ಹಳೆಯ ಪದ್ಧತಿಯೇ ಇದೆ. ಕ, ಟ, ಪ, ಯ ನಾಲ್ಕೂ 1. ಅಲ್ಲಿಂದ ವರ್ಣಮಾಲೆಯ ಕ್ರಮದಲ್ಲಿ ಎಣಿಸುತ್ತ ಹೋಗಬೇಕು: ಖ, ಠ, ಫ, ರ 2, ಗ, ಡ, ಬ, ಲ 3, ಘ, ಢ, ಭ, ವ 4, ಙ, ಣ, ಮ, ಶ 5, ಚ, ತ, ಷ 6, ಛ, ಥ, ಸ 7, ಜ, ದ, ಹ 8, ಝ, ಧ 9, ಞ, ನ 0. ಸಿಕ್ಕ ಅಂಕಿಗಳನ್ನು ಹಿಂದುಮುಂದಾಗಿ ಓದಬೇಕು. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನಲ್ಲೇ ಅವುಗಳ ಸಂಖ್ಯೆ ಇರುವುದು ಹೀಗೆ. ಮೇಚಕಲ್ಯಾಣಿಯಲ್ಲಿ ಮೇ 5, ಚ 6, ತಿರುಗಿಸಿದರೆ 65. ಧೀರಶಂಕರಾಭರಣದಲ್ಲಿ ಧೀ 9, ರ 2, ತಿರುಗಿಸಿದರೆ 29.

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಗೊಮ್ಮಟನನ್ನು ನಿಲ್ಲಿಸಿದ್ದು 1604ರಲ್ಲಿ. ಆ ಇಸವಿಯನ್ನು ‘ಭಾನು ತಾಯಿ’ ಎಂದು ಬರೆದಿಡಬಹುದು. ಭಾ 4, ನು 0, ತಾ 6, ಯಿ 1. ತಿರುಗಿಸಿ ಓದಿ. ನೋಡಿದವರಿಗೆ ಯಾರೋ ಭಾನುವಿನ ತಾಯಿಯ ಬಗ್ಗೆ ಬರೆದ ಹಾಗೆ ಕಾಣುತ್ತದೆ. ಒಂದು ಅಂಕಿಗೆ ಎರಡರಿಂದ ನಾಲ್ಕು ಅಕ್ಷರ ಆಯ್ಕೆಗಿರುವುದರಿಂದ ಅರ್ಥವಿರುವ ಪದ ಸಿಕ್ಕೇ ಸಿಗುತ್ತದೆ, ಇಸವಿ ನೆನಪಿಡಲು ಮಕ್ಕಳಿಗೆ ಒಳ್ಳೆಯ ದಾರಿ. ಆದರೆ ಇದರಲ್ಲಿ ಮಾತು ಬರೆಯಲಾಗದು. 1 ಎಂದರೆ ಕ ಎಂದೋ ಯ ಎಂದೋ ಓದುವವರಿಗೆ ತಿಳಿಯುವುದಿಲ್ಲ.

ಜವಳಿ ಅಂಗಡಿಗಳಲ್ಲಿ ಕೊಂಡ ಬೆಲೆಯನ್ನು ಚೀಟಿಯಲ್ಲಿ ಅಕ್ಷರಗಳಲ್ಲಿ ಬರೆದಿಡುವ ರೂಢಿಯೂ ಇದೇ ಜಾತಿಯದು. ನಮ್ಮ ಸಾವಿರ ಕಂಬದ ಪಟ್ಟಿಯ ಮೇಲಿನ ಸಾಲಿಗೆ ಸ 1, ವ 2 ಎಂದು ಶುರುಮಾಡಿ ಟ 9, ಡ 0 ಎಂದು ಅಂಕಿ ಕೊಟ್ಟರೆ 450 ರೂಪಾಯಿ ‘ಕಬಡ’ ಆಗುತ್ತದೆ. ದ್ವಿತ್ವ ಲೆಕ್ಕಕ್ಕಿಲ್ಲ ಎಂದು ಮಾತಾಡಿಕೊಂಡರೆ ‘ಕಬಡ್ಡಿ’ ಎಂದೂ ಬರೆಯಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹೆಚ್ಚು ಮಂದಿ ಎಡವುವುದು ಅರ್ಕಾವೊತ್ತಿನಲ್ಲಿ. ‘ಕಾರ್ಕಳ’ ಬರೆಯುವಾಗ ‘ಕ’ ಮೊದಲು ಕಾಣುತ್ತದೆ, ‘ರ್’ ಆಮೇಲೆ. ಆದರೆ ಬಾಯಲ್ಲಿ ರ ಮೊದಲು. ಸಾವಿರ ಕಂಬದ ಪಟ್ಟಿಯಲ್ಲಿ ಸರಿಯಾದ ರೂಪ ‘ಯಾಲ್ಯಸ’. ಕಣ್ಣಿಗೆ ಕಂಡ ಕ್ರಮದಲ್ಲಿ ಬರೆದರೆ ‘ಯಾಯ್ಲಸ’ ಆಗಿ, ಓದಿದವರಿಗೆ ‘ಕಾಕ್ರಳ’ ಎಂಬ ಊರು ಸಿಗುತ್ತದೆ. ಪ್ರತಿ ಒತ್ತಕ್ಷರವನ್ನೂ ಬಿಡಿಸಿ ಹೇಳಿಕೊಂಡು ಬರೆಯುವ ಅಭ್ಯಾಸ ಮಾಡಿಸಿ. ವ್ಯಾಕರಣದ ಪಾಠವೂ ಕದ್ದುಮುಚ್ಚಿ ಆದ ಹಾಗಾಯಿತು.

ಎರಡನೆಯದು, ಅರ್ಧ ಗುಟ್ಟು ಅರ್ಧ ಬಯಲು. ಊರಿನ ಹೆಸರು ಮಾತ್ರ ಬದಲಿಸಿ ಉಳಿದದ್ದನ್ನು ಮಾಮೂಲಿ ಕನ್ನಡದಲ್ಲಿ ಬಿಟ್ಟರೆ ಸುತ್ತಲಿನ ಪದಗಳೇ ಹೆಸರನ್ನು ಹೇಳಿಕೊಡುತ್ತವೆ. ಕೀಲಿಪದವನ್ನು ಚೀಟಿಯ ಮೂಲೆಯಲ್ಲಿ ‘ಮರೆಯದಿರಲಿ’ ಎಂದು ಬರೆಯುವವರೂ ಇದ್ದಾರೆ. ತಮ್ಮದೇ ಹೆಸರನ್ನು ಕೀಲಿಪದ ಮಾಡುವವರು ಇನ್ನೂ ಹೆಚ್ಚು.

ಎಚ್ಚರ ಬೇಕಾದಲ್ಲಿ

ಎಟಿಎಂ ಪಿನ್, ಮೊಬೈಲಿನ ಪಾಸ್‌ವರ್ಡ್, ಬ್ಯಾಂಕಿನ ವಿವರಗಳನ್ನು ಇಂಥ ಲಿಪಿಯಲ್ಲಿ ಬರೆದಿಟ್ಟು ನೆಮ್ಮದಿಯಾಗಿರಬೇಡಿ. ಇದು ಆಟದ ಬೀಗ, ಕಳ್ಳನ ಎದುರು ನಿಲ್ಲುವುದಿಲ್ಲ.

ಮಕ್ಕಳಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿಕೊಡಿ. ಗೆಳೆಯರ ನಡುವಿನ ಗುಟ್ಟು ಆಟ. ದೊಡ್ಡವರು ಯಾರಾದರೂ ‘ಇದನ್ನು ಅಮ್ಮನಿಗೆ ಹೇಳಬೇಡ’ ಎಂದರೆ ಅದು ಆಟವಲ್ಲ, ಅದನ್ನು ಆ ದಿನವೇ ಮನೆಯಲ್ಲಿ ಹೇಳಬೇಕು.

ಶಿಬಿರಗಳಲ್ಲಿ, ಸ್ಕೌಟ್ಸ್ ಗೈಡ್ಸ್ ತಂಡಗಳಲ್ಲಿ ನಿಧಿ ಹುಡುಕಾಟ ಇಟ್ಟುಕೊಳ್ಳುವವರಿಗೆ: ಸ್ಕೌಟ್ ಶಿಕ್ಷಣದಲ್ಲಿ ಜಾಡಿನ ಗುರುತುಗಳಿಗೆ ಮೊದಲಿನಿಂದಲೂ ಜಾಗ ಇದೆ. ವೃತ್ತದ ನಡುವೆ ಚುಕ್ಕೆ ಹಾಕಿದರೆ ‘ಮನೆಗೆ ಹೋದೆ’ ಎಂದರ್ಥ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆಯಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದ ಮೇಲೆ ಈ ಭಾಗದ ಮಕ್ಕಳಿಗೆ ಸ್ಕೌಟ್ ಸಮವಸ್ತ್ರ ಇನ್ನಷ್ಟು ಪರಿಚಿತ. ಗುರುತಿನ ಜೊತೆ ಗುಟ್ಟಿನ ಚೀಟಿಯೂ ಸೇರಿದರೆ ಆಟಕ್ಕೆ ಕಳೆ. ಚೀಟಿ ಇಡುವ ಜಾಗವನ್ನು ಮಾತ್ರ ಹಗಲಿನಲ್ಲಿ ನೀವೇ ನೋಡಿ ಬನ್ನಿ. ಮುರಕಲ್ಲಿನ ಗೋಡೆಯ ಸಂದಿ, ತರಗೆಲೆಯ ರಾಶಿ, ಕಟ್ಟಿಗೆ ಕೊಟ್ಟಿಗೆ ಬೇಡ, ಹಾವಿನ ಜಾಗಕ್ಕೆ ಮಕ್ಕಳ ಕೈ ಹಾಕಿಸಬೇಡಿ. ಬಾವಿಕಟ್ಟೆಯ ಹತ್ತಿರವೂ ಬೇಡ. ಬಸದಿ, ದೇವಸ್ಥಾನ, ಕೋಟೆಗಳಿಗೆ ಕರೆದುಕೊಂಡು ಹೋದರೆ ಕಂಬದ ಮೇಲೆ ಸೀಮೆಸುಣ್ಣದ ಗುರುತನ್ನೂ ಹಾಕಿಸಬೇಡಿ. ಚೀಟಿಯನ್ನು ಜೊತೆಗೆ ಬಂದ ಟೀಚರ್ ಕೈಯಲ್ಲಿ ಕೊಟ್ಟಿಟ್ಟರೆ ಸಾಕು. ಜೂನ್ ದಾಟಿದ ಮೇಲೆ ಹೊರಗೆ ಇಡುವುದಾದರೆ ಪೆನ್ಸಿಲಿನಲ್ಲಿ ಬರೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಶಾಯಿ ಮಳೆಗೆ ಕರಗಿದರೆ ಅಲ್‌ ಕಿಂದಿಯೂ ಓದಲಾರ.

ಈಗ ನಿಮ್ಮ ಸರದಿ

ಕೀಲಿಪದ: ನೇತ್ರಾವತಿ. ಮೇಲಿನ ಸಾಲು ತುಂಬಿಸಿ, ಕೆಳಗಿನದನ್ನು ಉಲ್ಟಾ ಬರೆದುಕೊಳ್ಳಿ. ಸ್ವರ ಸುತ್ತಿಸಿಲ್ಲ, ದ್ವಿತ್ವವನ್ನು ಒಂಟಿ ಮಾಡಿದೆ, ಪದಗಳ ನಡುವೆ ಜಾಗ ಬಿಟ್ಟಿದೆ. ನಡುವಿನ ಪದ ನಿಜವಾದ ಕನ್ನಡದಂತೆ ಕಾಣುತ್ತದೆ, ಅದಕ್ಕೆ ಮರುಳಾಗಬೇಡಿ. ಬಿಡಿಸಿದರೆ ಒಂದು ಪ್ರಶ್ನೆ ಸಿಗುತ್ತದೆ. ಅದರ ಉತ್ತರವನ್ನೂ ಇದೇ ಪಟ್ಟಿಯಲ್ಲಿ ಬದಲಿಸಿ ಬರೆಯಿರಿ.

ಮಣಾಕಿಯವು ಕಾಲ ಹಾವೂಯಿಳವಿಟೆ?